ಹಲ್ಲಿನ ಬಣ್ಣದ ಜಿರಾಫೆ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕೊಟ್ಟಾರದ ಹೆದ್ದಾರಿಯಿಂದ ಒಳಗೆ ಇಳಿಯುವ ಓಣಿಯಲ್ಲಿ ಒಂದು ಮನೆಯ ಹಿಂಬದಿಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಶೀಟು ಹೊದಿಸಿದ ಸಣ್ಣ ಕೋಣೆ. ಒಲೆಯ ಮೇಲೆ ದೊಡ್ಡ ಅಲ್ಯೂಮಿನಿಯಂ ಪಾತ್ರೆ, ಅದರಲ್ಲಿ ನೀರು ಕೊತಕೊತ ಕುದಿಯುತ್ತಿದೆ. ನೀರಿನಲ್ಲಿ ಅಕ್ಕಿಯಿಲ್ಲ. ಅಂಗೈ ಗಾತ್ರದ ಲೋಹದ ಡಬ್ಬಿಗಳಿವೆ. ಡಬ್ಬಿಯೊಳಗೆ ಪ್ಲಾಸ್ಟರ್, ಪ್ಲಾಸ್ಟರಿನೊಳಗೆ ಯಾರದೋ ಹಲ್ಲು.

ಜೊಕಿಮ್ ಲೋಬೊ ಇಕ್ಕಳದಿಂದ ಒಂದು ಡಬ್ಬಿ ಎತ್ತುತ್ತಾರೆ. ಎರಡು ಹೋಳು ಮಾಡಿ, ಕುದಿಯುವ ನೀರು ಹೊಯ್ದು, ಒಳಗಿನ ಮೇಣವನ್ನು ತೊಳೆಯುತ್ತಾರೆ. ಮೇಣ ಕರಗಿ ಹೋದಲ್ಲಿ ವಸಡಿನ ಆಕಾರದ ಖಾಲಿ ಜಾಗ ಉಳಿಯುತ್ತದೆ. ಅಲ್ಲಿಗೆ ಗುಲಾಬಿ ಬಣ್ಣದ ಹಿಟ್ಟು ತುಂಬಿ, ಒತ್ತಿ, ಮತ್ತೆ ಬೇಯಿಸಿದರೆ ಒಂದು ಸೆಟ್ ಹಲ್ಲು ಸಿದ್ಧ. ಉಜ್ಜುವಾಗ ಏಳುವ ಪುಡಿ ಎದೆಗೆ ಹೋಗದಿರಲಿ ಎಂದು ಮೂಗಿಗೆ ಬೈರಾಸು ಕಟ್ಟಿಕೊಂಡಿದ್ದಾರೆ. ಆದರೂ ಕೆಮ್ಮು ಉಂಟು. ವಯಸ್ಸು ಅರವತ್ತನಾಲ್ಕು.

ಬೆಳಕಾದ ಮೇಲೆ ಓಣಿಯ ತುದಿಗೆ ಹೋಗಿ ನಿಲ್ಲುತ್ತಾರೆ. ಪಂಪ್‌ವೆಲ್ ಕಡೆಯಿಂದ ಬಂದ ಸಿಟಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಕಂಡಕ್ಟರ್ ಕೌಶಲ್ ಫುಟ್‌ಬೋರ್ಡಿನಿಂದ ಒಂದು ಕಟ್ಟು ಚಾಚುತ್ತಾನೆ. ಕ್ಲಿನಿಕ್ಕುಗಳಲ್ಲಿ ತೆಗೆದ ಬಾಯಿಯ ಅಚ್ಚುಗಳು ಹೀಗೇ ಬಸ್ಸಿನಲ್ಲಿ ಬರುತ್ತವೆ, ಮುಗಿದ ಹಲ್ಲುಗಳು ಹೀಗೇ ಬಸ್ಸಿನಲ್ಲಿ ಹೋಗುತ್ತವೆ.

"ಪೊರ್ಬುಲೆ, ಇವತ್ತು ಮೂರು ಬಾಯಿ ಬಂದುಂಟು." ಕ್ರಿಶ್ಚಿಯನ್ ಹಿರಿಯರನ್ನು ತುಳುವರು ಕರೆಯುವುದು ಹಾಗೆಯೇ.

"ನಿನ್ನದನ್ನು ಸ್ವಲ್ಪ ಮುಚ್ಚು ಮಾರಾಯ. ಬಸ್ಸಿನವರೆಲ್ಲ ನೋಡ್ತಾರೆ."

ಮಂಗಳೂರಿನಲ್ಲಿ ಹಲ್ಲಿನ ಡಾಕ್ಟರರ ಬೋರ್ಡು ಇಲ್ಲದ ರಸ್ತೆ ಸಿಗುವುದು ಕಷ್ಟ. ಬೋರ್ಡಿನಲ್ಲಿ ಹೆಸರು, ಹೆಸರಿನ ಮುಂದೆ ಅಕ್ಷರಗಳು, ಅದರ ಕೆಳಗೆ ನಗುವ ಒಂದು ಬಾಯಿ. ಆ ಬಾಯಿಯೊಳಗಿನದ್ದನ್ನು ಕಟ್ಟಿದವನ ಹೆಸರು ಎಲ್ಲಿಯೂ ಇಲ್ಲ. ಕಟ್ಟಿಸಿಕೊಂಡವರಿಗೆ ಅವನ ಗುರುತಿಲ್ಲ, ಅವನಿಗೆ ಅವರದ್ದಿಲ್ಲ. ಜೊಕಿಮ್ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಹಂಪನಕಟ್ಟೆಯ ಹಲ್ಲು ಕಟ್ಟುವ ಅಂಗಡಿಯೊಂದರಲ್ಲಿ ನೆಲ ಗುಡಿಸಲು ಸೇರಿದವರು. ಗುಡಿಸುತ್ತ ನೋಡಿದರು, ನೋಡುತ್ತ ಕಲಿತರು. ಬಹರೈನಿಗೂ ಹೋದರು. ಅಲ್ಲಿಯ ಕ್ಲಿನಿಕ್ಕು ಮುಚ್ಚಿದಾಗ ಮರಳಿ ಬಂದು ಈ ಶೀಟಿನ ಕೋಣೆ ಕಟ್ಟಿದರು. ಮೊದಲು ದಿನಕ್ಕೆ ಎಂಟು ಹತ್ತು ಸೆಟ್ ಬರುತ್ತಿತ್ತು. ಈಗ ಮೂರು ಬಂದರೆ ದೊಡ್ಡದು. ಹೊಸ ಕ್ಲಿನಿಕ್ಕುಗಳಲ್ಲಿ ಬಾಯಿಗೆ ಕ್ಯಾಮರಾ ಹಿಡಿಯುತ್ತಾರೆ, ಯಂತ್ರವೇ ಹಲ್ಲು ಕಡೆಯುತ್ತದೆ.

"ಯಂತ್ರಕ್ಕೆ ಕೆಮ್ಮು ಇಲ್ಲ," ಎನ್ನುತ್ತಾರೆ ಜೊಕಿಮ್. ದೂರು ಅಷ್ಟೇ.

ಆದರೆ ಇವರ ಮನೆ ಹುಡುಕಿಕೊಂಡು ಈಚೆಗೆ ಜನ ಬರುತ್ತಿರುವುದು ಹಲ್ಲಿಗಾಗಿ ಅಲ್ಲ. ಸಿಂಹಕ್ಕಾಗಿ, ಮೊಸಳೆಗಾಗಿ, ಮರಿಯಾನೆಗಾಗಿ.

ತೊಂಬತ್ತರ ದಶಕದಲ್ಲಿ ಗಲ್ಫಿನಿಂದ ಬರುವ ಸೂಟ್‌ಕೇಸಿನಲ್ಲಿ ಸಾಬೂನು, ಟಾರ್ಚು, ಸೆಂಟಿನ ಬಾಟ್ಲಿಗಳ ಜೊತೆ ಕೆಲವು ಮನೆಗಳಿಗೆ ಒಂದು ದೊಡ್ಡ ಪೆಟ್ಟಿಗೆಯೂ ಬರುತ್ತಿತ್ತು. ಒಂದಕ್ಕೊಂದು ಜೋಡಿಸುವ ಪ್ಲಾಸ್ಟಿಕ್ ಇಟ್ಟಿಗೆಗಳು, ಬೇಲಿ, ಒಂದು ಮರ, ಮತ್ತು ಪ್ರಾಣಿಗಳು. ಮಕ್ಕಳು ಅದನ್ನು ಝೂ ಸೆಟ್ ಎಂದರು. ಪ್ರಾಣಿಯ ಪಾದದಲ್ಲಿ ಗುಳಿ, ಇಟ್ಟಿಗೆಯ ಮೇಲೆ ಉಬ್ಬು. ಒತ್ತಿದರೆ ಟಕ್ ಎಂದು ಕಚ್ಚಿಕೊಂಡು ನಿಲ್ಲುತ್ತಿತ್ತು. ಆ ಸೆಟ್ಟನ್ನು ಕಂಪೆನಿ ನಿಲ್ಲಿಸಿ ಎಷ್ಟೋ ವರ್ಷವಾಯಿತು. ಯಾಕೆ ಎಂದು ಯಾರಿಗೂ ಹೇಳಲಿಲ್ಲ. ಆಡಿದವರ ಹತ್ತಿರ ಯಾವ ಕಂಪೆನಿ ಕೇಳುತ್ತದೆ? ಈಗ ಸಿಗುವ ಹೊಸ ಸೆಟ್ಟುಗಳಲ್ಲಿ ಪ್ರಾಣಿಗಳು ನಗುತ್ತವೆ. ಹಳೆಯವು ನಗುತ್ತಿರಲಿಲ್ಲ. ಬಾಯಿ ಮುಚ್ಚಿಕೊಂಡು ನಿಲ್ಲುತ್ತಿದ್ದವು. ಅಂದು ಆಡಿದವರಿಗೆ ಈಗ ಮೂವತ್ತೈದು, ನಲವತ್ತು. ಅವರಿಗೆ ನಗದ ಸಿಂಹವೇ ಬೇಕು.

ಇಟ್ಟಿಗೆ ಕಳೆದುಹೋಗುವುದು ಕಡಿಮೆ. ಕಳೆದುಹೋಗುವುದು ಪ್ರಾಣಿ. ಕ್ರಿಶ್ಚಿಯನ್ ಮನೆಗಳಲ್ಲಿ ಅದಕ್ಕೆ ಒಂದು ಕಾರಣ ಗೋದಲಿ. ಡಿಸೆಂಬರಿನಲ್ಲಿ ಬಾಲ ಯೇಸುವಿನ ಹುಟ್ಟಿನ ದೃಶ್ಯ ಕಟ್ಟುವಾಗ ದನ ಬೇಕು, ಕುರಿ ಬೇಕು, ಒಂಟೆ ಬೇಕು. ಅಂಗಡಿಯ ಮಣ್ಣಿನ ಒಂಟೆಯ ಕಾಲು ಮುರಿದಿದ್ದರೆ ಮಕ್ಕಳ ಪೆಟ್ಟಿಗೆಗೆ ಕೈ ಹಾಕುತ್ತಾರೆ. ಒಂಟೆಯ ಹಿಂದೆ ಆನೆ ಹೋಗುತ್ತದೆ, ಆನೆಯ ಹಿಂದೆ ಹಿಮಕರಡಿ. ಬೆತ್ಲೆಹೇಮಿನಲ್ಲಿ ಹಿಮಕರಡಿ ಎಂತ ಮಾಡುತ್ತದೆ ಎಂದು ಯಾರೂ ಕೇಳುವುದಿಲ್ಲ. ಜನವರಿಯಲ್ಲಿ ಹುಲ್ಲಿನ ಜೊತೆ ಎಲ್ಲವನ್ನೂ ಸುತ್ತಿ ಅಟ್ಟಕ್ಕೆ ಹಾಕುತ್ತಾರೆ. ಮುಂದಿನ ಡಿಸೆಂಬರಿಗೆ ಅರ್ಧ ಮಾತ್ರ ಕೆಳಗೆ ಬರುತ್ತದೆ.

ಜೊಕಿಮರ ಮಗಳು ಕ್ಯಾರಲ್‌ಳ ಸೆಟ್ಟಿನ ಸಿಂಹ ಹೋದದ್ದೂ ಹಾಗೆಯೇ. ಆಕೆ ಈಗ ಬಿಜೈಯಲ್ಲಿ ಟೀಚರ್. ಅವಳ ಮಗ ಹಳೆಯ ಪೆಟ್ಟಿಗೆ ತೆರೆದು ಸಿಂಹಕ್ಕಾಗಿ ಹಟ ಹಿಡಿದಾಗ ಅಜ್ಜ ಮೇಣದಲ್ಲಿ ಒಂದು ತಿದ್ದಿದರು, ಅಚ್ಚು ಮಾಡಿದರು, ಉಳಿದಿದ್ದ ಹಲ್ಲಿನ ಹಿಟ್ಟಿನಲ್ಲಿ ಎರೆದರು. ಹಲ್ಲಿನ ಬಣ್ಣದ ಸಿಂಹ, ಗುಲಾಬಿ ಬಣ್ಣದ ಕೇಸರ. ಅದರ ಫೋಟೊ ಕುಟುಂಬದ ವಾಟ್ಸ್ಯಾಪಿಗೆ ಹೋಯಿತು. ಅಲ್ಲಿಂದ ಊರಿಗೆ ಹೋಯಿತು.

ಪಾದ ಇಟ್ಟಿಗೆಗೆ ಕೂರುವುದೇ ಇದರಲ್ಲಿ ಕಷ್ಟದ ಕೆಲಸ. ಮೇಲಿನ ಹಲ್ಲು ಕೆಳಗಿನದಕ್ಕೆ ಸರಿಯಾಗಿ ತಾಗುತ್ತದೆಯೇ ಎಂದು ನೋಡಲು ನಡುವೆ ನೀಲಿ ಕಾಗದ ಇಟ್ಟು ಕಚ್ಚಿಸುತ್ತಾರಲ್ಲ, ಜೊಕಿಮ್ ಅದೇ ಕಾಗದವನ್ನು ಆನೆಯ ಪಾದದ ಅಡಿಗೆ ಇಡುತ್ತಾರೆ. ಒತ್ತುತ್ತಾರೆ. ನೀಲಿ ಹಿಡಿದಲ್ಲಿ ಉಜ್ಜುತ್ತಾರೆ. ಮತ್ತೆ ಒತ್ತುತ್ತಾರೆ. ಟಕ್ ಎನ್ನುವ ತನಕ.

ಬಣ್ಣ ಮಾತ್ರ ಹಚ್ಚುವುದಿಲ್ಲ. ಎಷ್ಟು ಕೇಳಿದರೂ ಇಲ್ಲ.

"ಹಲ್ಲು ನಿಜದ ಹಾಗೆ ಕಾಣ್ಬೇಕು, ಅದು ಸಮ. ನಗುವಾಗ ಅವರಿಗೆ ನಾಚಿಕೆ ಆಗ್ಬಾರ್ದು. ಇದಕ್ಕೆ ಎಂತ ನಾಚಿಕೆ? ಇದು ಈಗ ಮಾಡಿದ್ದು ಅಂತ ಗೊತ್ತಾಗ್ಲಿ."

ಇವತ್ತು ಜೊಕಿಮರಿಗೆ ಮಂಡೆಬೆಚ್ಚ ಉಂಟು, ಏನೋ ಚಿಂತೆ. ಕಿಟಕಿಯ ದಂಡೆಯಲ್ಲಿ ಏನನ್ನೋ ಬಟ್ಟೆ ಮುಚ್ಚಿಟ್ಟಿದ್ದಾರೆ. ಕೆಲಸದ ನಡುವೆ ಅತ್ತ ನೋಡುತ್ತಾರೆ, ಮತ್ತೆ ಉಜ್ಜುತ್ತಾರೆ. ಹತ್ತು ಗಂಟೆಗೆ ಇಬ್ಬರು ಬರಲಿಕ್ಕಿದ್ದಾರೆ.

ಬರುವವರು ಅಕ್ಕ, ತಮ್ಮ. ಭವ್ಯಶ್ರೀ ಕದ್ರಿಯ ಆಫೀಸೊಂದರಲ್ಲಿ ಕೆಲಸಕ್ಕಿದ್ದಾರೆ. ಹಿತೇಶನಿಗೆ ಪಂಪ್‌ವೆಲ್‌ನಲ್ಲಿ ಟಯರಿನ ಅಂಗಡಿ. ಅವರ ತಂದೆ ಜಯ ಮಸ್ಕತ್ತಿನಲ್ಲಿ ಡ್ರೈವರ್ ಆಗಿದ್ದರು. ಒಮ್ಮೆ ಊರಿಗೆ ಬರುವಾಗ ಝೂ ಸೆಟ್ ತಂದಿದ್ದರು. ಹೋದ ವರ್ಷ ತೀರಿಕೊಂಡರು. ಪ್ರಾಣಿಗಳಲ್ಲಿ ಉಳಿದಿರುವುದು ಒಂದು ಹಳದಿ ಜಿರಾಫೆ. ಮನೆಯ ಸಾಮಾನು ಪಾಲು ಮಾಡುವಾಗ ಫ್ರಿಜ್ಜಿಗೆ ಜಗಳವಾಗಲಿಲ್ಲ, ಚಿನ್ನಕ್ಕೆ ಜಗಳವಾಗಲಿಲ್ಲ, ಜಿರಾಫೆಗೆ ಆಯಿತು. ಎರಡು ವಾರ ಮಾತು ಬಿಟ್ಟರಂತೆ. ಕೊನೆಗೆ ಇಬ್ಬರೂ ಜೊತೆಗೇ ಜೊಕಿಮರಲ್ಲಿಗೆ ಬಂದು, ಇದರಂಥದ್ದೇ ಇನ್ನೊಂದು ಮಾಡಿಕೊಡಿ ಎಂದರು. ಹಳೆಯದು ಯಾರಿಗೆ, ಹೊಸದು ಯಾರಿಗೆ ಎಂದು ಕೇಳಿದ್ದಕ್ಕೆ ಇಬ್ಬರೂ "ನೋಡುವ" ಎಂದರು. ಇಬ್ಬರಿಗೂ ಹಳೆಯದೇ ಬೇಕೆಂದು ಜೊಕಿಮರಿಗೆ ಅರ್ಥವಾಗಿತ್ತು.

ಆ ಹಳೆಯದನ್ನೇ ಅವರು ಕಳೆದ ಶನಿವಾರ ಕುದಿಸಿಬಿಟ್ಟರು.

ಆದದ್ದು ಇಷ್ಟು. ಜಿರಾಫೆಯ ಕಾಲುಗಳ ನಡುವೆ ಪ್ಲಾಸ್ಟರ್ ಹೊಕ್ಕರೆ ಅಚ್ಚು ಬಿಡಿಸಲು ಬರುವುದಿಲ್ಲ. ಅದಕ್ಕೆ ಆ ಸಂದಿಗೆ ಮೇಣ ತುಂಬಿ ಡಬ್ಬಿಯೊಳಗೆ ಕೂರಿಸಿದ್ದರು. ಹಲ್ಲಿನ ಡಬ್ಬಿಯನ್ನು ಕುದಿಸಿ ತೆರೆಯಬೇಕು. ಆಟಿಕೆಯ ಡಬ್ಬಿಯನ್ನು ತಣ್ಣಗಿರುವಾಗಲೇ ತೆರೆಯಬೇಕು. ಬೆಳಗ್ಗಿನ ಹೊತ್ತು, ಎಲ್ಲ ಡಬ್ಬಿಗಳೂ ಒಂದೇ ಸಾಲಿನಲ್ಲಿದ್ದವು. ಅಂಚಿನಲ್ಲಿ ಮೇಣದ ಗೆರೆ ಕಂಡಿತು. ಎತ್ತಿ ನೀರಿಗೆ ಹಾಕಿದರು.

"ಮೇಣ ಕಂಡ್ರೆ ಕುದಿಸುದು. ಕೈಗೆ ಅಷ್ಟೇ ಗೊತ್ತು. ಮಂಡೆ ಹತ್ರ ಅದು ಕೇಳ್ಲಿಕ್ಕೆ ಹೋಗುದಿಲ್ಲ. ಡಬ್ಬಿ ತೆಗ್ದು ನೋಡ್ತೇನೆ, ಹಳದಿ. ಸಾಯ್ಬಾ ಭೊಗೊಸ್, ದೇವರೇ ಕ್ಷಮಿಸು ಅಂದೆ. ಅಲ್ಲೇ ಕೂತೆ."

ಮೆತ್ತಗಾದ ಪ್ಲಾಸ್ಟಿಕ್ಕನ್ನು ಬಿಡಿಸುವಾಗ ಕುತ್ತಿಗೆ ಬಗ್ಗಿತು, ಮುಂಗಾಲು ಅಗಲವಾಯಿತು. ಬಟ್ಟೆ ಸರಿಸಿ ತೋರಿಸುತ್ತಾರೆ. ನೀರು ಕುಡಿಯಲು ಬಗ್ಗಿದ ಹಾಗೆ ಉಂಟು. ಪ್ಲಾಸ್ಟರ್ ಮಾತ್ರ ಹಾಳಾಗಿರಲಿಲ್ಲ. ಜಿರಾಫೆ ಮೊದಲು ಹೇಗಿತ್ತೋ ಆ ಆಕಾರ ಅಚ್ಚಿನಲ್ಲಿ ಹಾಗೆಯೇ ನಿಂತಿತ್ತು. ಅದರಿಂದ ಒಂದು ಎರೆದರು, ಆ ಒಂದರಿಂದ ಇನ್ನೊಂದು. ಬಗ್ಗಿದ ಹಳದಿಯ ಪಕ್ಕದಲ್ಲಿ ಹಲ್ಲಿನ ಬಣ್ಣದವು ಎರಡು ನೆಟ್ಟಗೆ ನಿಂತಿವೆ.

ಹೆಂಡತಿ ಎವ್ಲಿನ್ ಚಾ ತಂದಿಡುತ್ತಾರೆ. ಇವರ ಸಲಹೆ ಶನಿವಾರದಿಂದಲೂ ಒಂದೇ. "ಒಂದಕ್ಕೆ ಹಳದಿ ಬಳಿದು ಕೊಡಿ ಅಂದೆ. ಸ್ವಲ್ಪ ಉಜ್ಜಿ ಹಳತು ಮಾಡ್ಲಿಕ್ಕೆ ಇವರಿಗೆ ಗೊತ್ತಿಲ್ವಾ? ಬೀಡಿ ಸೇದುವವರ ಹಲ್ಲಿಗೆ ಸಮ ಆಗುವ ಹಾಗೆ ಕಲೆ ಹಾಕಿ ಕೊಟ್ಟವರು ಇವರು."

"ಅದು ಬೇರೆ."

"ಎಂತ ಬೇರೆ?"

ಜೊಕಿಮ್ ಮೂಗಿನ ಬೈರಾಸು ಕೆಳಗೆಳೆದು ಚಾ ಕುಡಿಯುತ್ತಾರೆ.

ಹತ್ತಕ್ಕೆ ಅಕ್ಕ, ತಮ್ಮ ಬರುತ್ತಾರೆ. ಪರೀಕ್ಷೆ ಮಾಡಲು ಹಿತೇಶ ಸೆಟ್ಟಿನ ಒಂದು ಕೆಂಪು ಇಟ್ಟಿಗೆ ಹಿಡಿದುಕೊಂಡೇ ಬಂದಿದ್ದಾನೆ. ಜೊಕಿಮ್ ಕೂರಿ ಎನ್ನುವುದಿಲ್ಲ. ಬಟ್ಟೆ ತೆಗೆಯುತ್ತಾರೆ.

"ಎಂತ ಅಂಕಲ್ ಇದು?"

"ಕುದಿಸಿಬಿಟ್ಟೆ. ತಪ್ಪು ನನ್ನದು."

"ಕುದಿಸಿದ್ದಾ? ಇದೆಂತ ಮರಗೆಣಸಾ?" ಹಿತೇಶನ ದನಿ ಏರುತ್ತದೆ. "ನಲವತ್ತೈದು ವರ್ಷದ ಸರ್ವಿಸ್ ಅಂತ ಹೇಳಿದ್ರಿ. ಅದನ್ನು ನಂಬಿ ಕೊಟ್ಟದ್ದು ನಾವು. ಇದ್ದದ್ದು ಒಂದು, ಅದೂ ನಿಮ್ಮ ಹತ್ರ ಉಳೀಲಿಲ್ಲ."

ಜೊಕಿಮ್ ಕೇಳಿಸಿಕೊಳ್ಳುತ್ತಾರೆ. ಕೈ ಕಟ್ಟಿಲ್ಲ, ತಲೆ ತಗ್ಗಿಸಿಲ್ಲ. ಬಾಗಿಲಲ್ಲಿ ನಿಂತ ಎವ್ಲಿನ್‌ಗೆ ತಡೆಯುವುದಿಲ್ಲ. "ಬೇರೆ ಯಾರಾದ್ರೂ ಆಗಿದ್ರೆ ಬಣ್ಣ ಬಳಿದು ಕೊಡ್ತಿದ್ರು, ಬಾಬಾ. ನಿಮಗೆ ಗೊತ್ತೇ ಆಗ್ತಿರ್ಲಿಲ್ಲ."

"ಹಾಗಾದ್ರೂ ಮಾಡ್ಬಹುದಿತ್ತಲ್ಲ," ಎನ್ನುತ್ತಾನೆ ಹಿತೇಶ. ಸಿಟ್ಟಿನಲ್ಲಿ ಹೇಳಿದ್ದೋ, ನಿಜವಾಗಿ ಹೇಳಿದ್ದೋ ತಿಳಿಯುವುದಿಲ್ಲ.

"ಮಾಡ್ಬಹುದಿತ್ತು," ಎನ್ನುತ್ತಾರೆ ಜೊಕಿಮ್. "ಮತ್ತೆ ನಿಮ್ಮ ಅಕ್ಕ ಅದನ್ನು ಹಿಡ್ಕೊಂಡು ಅಪ್ಪನ ನೆನಪು ಮಾಡ್ತಾರೆ. ಅಪ್ಪ ಅದನ್ನು ಮುಟ್ಟಿಯೇ ಇಲ್ಲ, ಮಾಡಿದ್ದು ನಾನು, ಮೊನ್ನೆ. ತಪ್ಪು ಬಸ್ಸಿಗೆ ಹತ್ತಿಸಿದ ಹಾಗೆ ಆಗುದಿಲ್ವಾ?"

ಭವ್ಯಶ್ರೀ ಬಗ್ಗಿದ ಜಿರಾಫೆಯನ್ನು ಎತ್ತಿ ಆಚೀಚೆ ತಿರುಗಿಸುತ್ತಾರೆ. ತಮ್ಮನ ಕೈಯಿಂದ ಇಟ್ಟಿಗೆ ತೆಗೆದುಕೊಂಡು ಅದರ ಮೇಲೆ ಒತ್ತುತ್ತಾರೆ. ಕಾಲು ಅಗಲವಾಗಿದೆ, ಕೂರುವುದಿಲ್ಲ. ಎರಡು ಸಲ ವಾಲಿ ಬೀಳುತ್ತದೆ. ಹಿತೇಶ ಹಲ್ಲಿನ ಬಣ್ಣದ್ದೊಂದನ್ನು ಎತ್ತಿಕೊಂಡು ಒತ್ತುತ್ತಾನೆ.

ಟಕ್.

ತೆಗೆಯುತ್ತಾನೆ. ಮತ್ತೆ ಒತ್ತುತ್ತಾನೆ. ಟಕ್. ಇಟ್ಟಿಗೆಯನ್ನು ತಲೆಕೆಳಗು ಮಾಡಿ ಅಲ್ಲಾಡಿಸುತ್ತಾನೆ. ಬೀಳುವುದಿಲ್ಲ.

"ಪ್ರಾಪ್ತಿಗೆ ಇದೇ ಆಗ್ತದೆ," ಎನ್ನುತ್ತಾನೆ. ಪ್ರಾಪ್ತಿ ಅವನ ಮಗಳು, ಮೂರು ವರ್ಷದವಳು. "ನಿಲ್ಲದಿದ್ರೆ ಅವಳು ಬೊಬ್ಬೆ ಹಾಕ್ತಾಳೆ."

"ನನ್ನದು ನಿಲ್ಬೇಕಂತ ಇಲ್ಲ," ಎಂದು ಭವ್ಯಶ್ರೀ ಹಳದಿಯನ್ನು ಕರ್ಚೀಫಿನಲ್ಲಿ ಸುತ್ತುತ್ತಾರೆ. "ಕೊನೆಗೆ ಅಪ್ಪನೂ ಹೀಗೇ ಬಗ್ಗಿ ನಡೀತಿದ್ದದ್ದು. ಅಲ್ವನಾ?"

ಹಿತೇಶ ಹೂಂ ಎನ್ನುತ್ತಾನೆ. ಒಬ್ಬರಿಗೊಬ್ಬರು ಮುಖ ಕೊಡುವುದಿಲ್ಲ. ಆದರೆ ಮುಂದಿನ ಭಾನುವಾರ ಯಾರ ಮನೆಯಲ್ಲಿ ಊಟ ಎಂಬ ಮಾತು ಅಲ್ಲಿಯೇ ಶುರುವಾಗುತ್ತದೆ.

ಇನ್ನೊಂದು ಜಿರಾಫೆ ದಂಡೆಯ ಮೇಲೆಯೇ ಉಳಿದಿದೆ. ಜೊಕಿಮ್ ಅದನ್ನು ಕೈಗೆತ್ತಿಕೊಳ್ಳುತ್ತಾರೆ.

"ನಿಮಗೆ ಅಡ್ಡಿ ಇಲ್ಲದಿದ್ರೆ ಇದೊಂದು ನನಗೆ ಇರ್ಲಿ. ಆಕಾರ ನಿಮ್ಮದು, ಅದಕ್ಕೇ ಕೇಳಿದ್ದು. ಇಷ್ಟು ವರ್ಷ ಮಾಡಿದ್ದೆಲ್ಲ ಬೇರೆಯವರ ಬಾಯಿಗೆ ಹೋಯ್ತು. ನಾನು ಮಾಡಿದ್ದು ಅಂತ ನನ್ನ ಹತ್ರ ಒಂದೂ ಇಲ್ಲ."

"ಇಟ್ಕೊಳ್ಳಿ ಅಂಕಲ್," ಎನ್ನುತ್ತಾರೆ ಭವ್ಯಶ್ರೀ.

ಹಿತೇಶ ಅಂಗಳ ದಾಟಿದವನು ತಿರುಗಿ ಬರುತ್ತಾನೆ. ಪ್ಯಾಂಟಿನ ಕಿಸೆಯಿಂದ ಕೆಂಪು ಇಟ್ಟಿಗೆ ತೆಗೆದು ಕಿಟಕಿಯ ದಂಡೆಯಲ್ಲಿ ಇಡುತ್ತಾನೆ. "ನಿಲ್ಲಿಸ್ಲಿಕ್ಕೆ ಒಂದು ಬೇಕಲ್ಲ ನಿಮಗೆ. ನಮ್ಮಲ್ಲಿ ಬೇಕಾದಷ್ಟು ಉಂಟು."

ಅವರು ಹೋದ ಮೇಲೆ ಜೊಕಿಮ್ ಬೈರಾಸು ಬಿಚ್ಚುತ್ತಾರೆ. ಸರಿಯಾಗಿ ಕೂರುತ್ತದೆ ಎಂದು ಗೊತ್ತಿದ್ದರೂ ಒಂದು ಚೂರು ನೀಲಿ ಕಾಗದ ಹರಿದು ಪಾದದ ಅಡಿಗೆ ಇಟ್ಟು ಒತ್ತಿ ನೋಡುತ್ತಾರೆ. ಎಲ್ಲಿಯೂ ಉಜ್ಜಬೇಕಾಗಿಲ್ಲ. ಕಾಗದ ತೆಗೆದು ಮತ್ತೆ ಒತ್ತುತ್ತಾರೆ.

"ಚಂದ ಉಂಟು," ಎನ್ನುತ್ತಾರೆ ಎವ್ಲಿನ್. "ಮುಂದಿನ ತಿಂಗಳು ಗೋದಲಿಯಲ್ಲಿ ಇಡುವ."

"ಬೇಡ. ಗೋದಲಿಗೆ ಹೋದದ್ದು ಯಾವುದು ವಾಪಸ್ ಬಂದುಂಟು? ಇದು ಇಲ್ಲೇ ಇರ್ಲಿ."