ಹೊರಲಾಗದ ವಾದ್ಯ ಬೀದಿಗಿಳಿದದ್ದು

ಬೆಳಗಿನ ಐದೂವರೆ. ನ್ಯೂ ಆರ್ಲಿಯನ್ಸ್‌ನ ಟ್ರೆಮೆ ಬಡಾವಣೆಯ ಸಂಘದ ಮನೆಯಲ್ಲಿ ಒರೀಲಿಯಾ ಮೆಟ್ವಾಯೆ ಪಿಯಾನೊದ ಹೊಟ್ಟೆಗೆ ಕೈಹಾಕಿ, ತೇವ ಹಿಡಿಯದಿರಲೆಂದು ಇಟ್ಟಿದ್ದ ಬಲ್ಬನ್ನು ಆರಿಸುತ್ತಾರೆ. ಪ್ರವಾಹಕ್ಕೆ ಹೆದರಿ ಪಿಯಾನೊ ಸಿಮೆಂಟ್ ಇಟ್ಟಿಗೆಗಳ ಮೇಲೆ ಕೂತಿದೆ. ಎಂಬತ್ತೆಂಟು ಕೀಗಳಲ್ಲಿ ಆರು, ಒತ್ತಿದರೆ ಮತ್ತೆ ಮೇಲೇಳುವುದಿಲ್ಲ. “ಇವತ್ತು ಆರೇ. ಭಾನುವಾರ ಒಂಬತ್ತಿತ್ತು,” ಎನ್ನುತ್ತಾರೆ, ಮಗುವಿನ ಜ್ವರ ಇಳಿದ ಸುದ್ದಿ ಹೇಳುವಂತೆ.

ವಯಸ್ಸು ಇಪ್ಪತ್ತೇಳು. ಶಾಲೆಗೆ ಮುಂಚೆ ನಾಲ್ವರು ಶಿಷ್ಯರು, ಶಾಲೆ ಬಿಟ್ಟ ಮೇಲೆ ಹತ್ತು ಮಂದಿ. ನಡುವೆ ಹೋಟೆಲೊಂದರಲ್ಲಿ ತಿಂಡಿಯ ಹೊತ್ತಿಗೆ ಮೂರು ಗಂಟೆ ಜಾಝ್. “ಮೊಟ್ಟೆ ತಣ್ಣಗಿದ್ರೂ ನನ್ನ ಕಡೆಗೇ ದುರುಗುಟ್ಟಿ ನೋಡ್ತಾರೆ.” ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದ ಅಜ್ಜಿ ಒರೀಲಿಯಾರ ಎಡಗೈ ತಿದ್ದಿದರು. ಬಲಗೈ ಕೆಡಿಸಿದವರು (ಇದು ಅಜ್ಜಿಯ ಮಾತು) ಎದುರುಮನೆಯ ಆಲ್ಸೀಡ್ ಬರ್ತೆಲೋ, ಐವತ್ತು ವರ್ಷ ಬಾರುಗಳಲ್ಲಿ ನುಡಿಸಿದ ಮುದುಕ. ಎಂಥ ಕುಣಿತದ ಹಾಡಾದರೂ ಮೊದಲು ಶವಯಾತ್ರೆಯ ನಡೆಯಲ್ಲಿ ಕಲಿಯಬೇಕು ಎಂಬುದು ಅವರ ಕಟ್ಟಪ್ಪಣೆ. “ಮೂರು ವರ್ಷ ಬರೀ ಹೆಣ ಹೊತ್ತೆ,” ಎಂದು ಒರೀಲಿಯಾ ನಗುತ್ತಾರೆ.

ಆದರೆ ಶವಯಾತ್ರೆಗೂ ತುತ್ತೂರಿ ಊದುತ್ತ ನಡೆಯುವ ಈ ಊರಿನಲ್ಲಿ ಪಿಯಾನೊದವರಿಗೆ ಬೀದಿಯಿಲ್ಲ. ಕಳೆದ ಮಾರ್ಚಿನಲ್ಲಿ ತೀರಿಕೊಂಡ ಆಲ್ಸೀಡ್, ತಮ್ಮ ಪಿಯಾನೊವೂ ಸಮಾಧಿಯ ತನಕ ಬರಲಿ, ಒರೀಲಿಯಾ ನುಡಿಸಲಿ ಎಂದು ಬರೆದಿಟ್ಟಿದ್ದರು. ಪಿಯಾನೊ ಹೊರಲು ತೆರೆದ ಲಾರಿ ಬಂತು. ವಾದ್ಯತಂಡದ ಯಜಮಾನ, ಟ್ರಂಪೆಟ್ಟಿನ ಯುಲೀಸ್, ಮೂಗು ಮುರಿದರು.

“ಹೊರೋಕಾಗದ ವಾದ್ಯ ಬೀದಿಗ್ಯಾಕೆ ತಾಯಿ? ಹೆಣ ಕಳಿಸಿಕೊಡೋ ಮುಂಚೆ ಒಂದು ಕುಣಿತದ ಸ್ವರ ಕೇಳಿಸ್ಲಿ, ನೀನೂ ನಿನ್ನ ಶಿಷ್ಯರೂ ಮತ್ತೆ ನಮ್ಮ ಮೆರವಣಿಗೇಲಿ ಕಾಲಿಡಂಗಿಲ್ಲ.”

ಡ್ರಮ್ಮಿಗೆ ಕರವಸ್ತ್ರ ತುರುಕಿ, ಸದ್ದಡಗಿಸಿ ನಡೆಯುವುದು ಇಲ್ಲಿನ ವಾಡಿಕೆ. ಶವದ ಗಾಡಿ ಸಮಾಧಿಯತ್ತ ತಿರುಗಿ ಹೋದ ಮೇಲೆ ಅದನ್ನು ಕಿತ್ತು, ಹಿಂದೆ ಬಂದವರೆಲ್ಲ ಕೊಡೆ ಹಿಡಿದು ಕುಣಿಯುವುದು. ಅಂದು ಡ್ರಮ್ಮಿನವನು ಬೆವರೊರೆಸಲು ಬೇರೆ ಬಟ್ಟೆ ಸಿಗದೆ ಅದನ್ನೇ ಎಳೆದುಕೊಂಡ. ಡ್ರಮ್ಮು ಖಣಖಣ ಎಂದಿತು. ಗಾಡಿಗೆ ಬೆನ್ನು ಹಾಕಿ ಕೂತಿದ್ದ ಒರೀಲಿಯಾ, ಶವ ಹೋಯಿತೆಂದುಕೊಂಡರು; ಎಡಗೈ ಕುಣಿತಕ್ಕೆ ಹೊರಟೇಬಿಟ್ಟಿತು. ಗುರುವಿನ್ನೂ ಅಲ್ಲೇ ಇದ್ದರು. ಇಡೀ ಬೀದಿ ನಿಂತಿತು.

“ನಿಲ್ಸಿದ್ರೆ ತಪ್ಪು ಮಾಡ್ದೆ ಅಂತ ಸಾರಿದ ಹಾಗಾಗ್ತಿತ್ತು.” ಅವರು ಕೈ ತೆಗೆಯಲಿಲ್ಲ. ಅದೇ ಹಾಡನ್ನು ಎಳೆದೆಳೆದು, ಮೂರು ವರ್ಷ ಕಲಿತ ನಡೆಗೆ ಇಳಿಸಿದರು. ಕುಣಿತ ಪ್ರಾರ್ಥನೆಯಾಯಿತು. ಯುಲೀಸ್ ಲಾರಿಯತ್ತ ದಿಟ್ಟಿಸಿದರು, ಆಮೇಲೆ ಟ್ರಂಪೆಟ್ ತುಟಿಗಿಟ್ಟು ಸೇರಿಕೊಂಡರು. ಆಲ್ಸೀಡರ ಹೆಂಡತಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕರಂತೆ: “ಮನೇಲೂ ಹಂಗೇ ಇದ್ರು. ಎಲ್ಲರಿಗಿಂತ ಮುಂಚೆ ಹೊರಟು, ಬಾಗಿಲಲ್ಲಿ ನಿಂತು ಕಾಯೋರು.”

ಬರುವ ಶನಿವಾರ ಇನ್ನೊಂದು ಶವಯಾತ್ರೆ. ಈ ಸಲ ಲಾರಿ ಗೊತ್ತುಮಾಡಿರುವುದು ಯುಲೀಸ್. “ಅವಳಿಗಲ್ಲ, ಪಿಯಾನೊಗೆ,” ಎಂದು ಗೊಣಗುತ್ತಾರೆ. ಆದರೆ ನುಡಿಸುವವಳು ಹದಿನಾರರ ಶಿಷ್ಯೆ ಜೆನೀವಾ.

ಮತ್ತೆ ಒರೀಲಿಯಾ?

“ಲಾರಿ ಹಿಂದೆ. ಈ ಊರಲ್ಲಿ ಹುಟ್ಟಿ, ಎಲ್ಲರೂ ಕುಣಿಯೋವಾಗ ನಾನು ಕೂತೇ ಇದ್ದೀನಿ. ಅವಳು ನುಡಿಸ್ಲಿ. ಒಂದ್ಸಲ ನಾನೂ ಕೊಡೆ ಹಿಡ್ಕೊಂಡು ಬೀದಿ ತುಂಬ ಕುಣೀಬೇಕು.”