ಗೋಡೆಯ ಮೇಲಿನ ಫಾರ್ಮಸಿಸ್ಟ್

ಹದಿನೈದು ದಿನದಿಂದ ನನಗೆ ತಲೆ ತಿರುಗುತ್ತಿತ್ತು. ಸಂತೋಷಕ್ಕೆ ಅಂದುಕೊಂಡಿದ್ದೆ.

ನಗಬೇಡಿ. ಮೊಮ್ಮಗಳು ಸಿಂಚನಾ ಡಿ.ಫಾರ್ಮ ಪಾಸಾದಳು ಅಂತ ಫೋನು ಬಂದಾಗ ನಾನು ಒಲೆಯ ಮುಂದಿದ್ದೆ. ಕೈಯಲ್ಲಿದ್ದ ಸೌಟು ಎಲ್ಲಿಟ್ಟೆ ಅಂತ ಸಂಜೆಯವರೆಗೂ ಗೊತ್ತಾಗಲಿಲ್ಲ. ಬಾಳೆಹೊನ್ನೂರು ಬಸ್ ಸ್ಟ್ಯಾಂಡಿನ ಹತ್ತಿರ ಇರುವ ನಮ್ಮ ಪುಟ್ಟ ಹೋಟೆಲಿನಲ್ಲಿ ಆವತ್ತು ಬಂದವರಿಗೆಲ್ಲ ಕೇಸರಿಬಾತು ಬಿಟ್ಟಿ. ಶೃಂಗೇರಿ ಬಸ್ಸಿನ ಕಂಡಕ್ಟರು ಎರಡು ಪ್ಲೇಟು ತಿಂದು, "ಇನ್ನೊಬ್ಳು ಮೊಮ್ಮಗಳಿದ್ರೆ ಅವಳನ್ನೂ ಓದ್ಸಿ ಗಿರಿಜಕ್ಕ" ಅಂದು ವಿಸಿಲ್ ಊದಿಕೊಂಡು ಹೋದರು.

ನಾನು ಓದಿದ್ದು ನಾಲ್ಕನೇ ಕ್ಲಾಸು. (ವಾರವಾರ ಇಲ್ಲಿ ನಾನು ಬರೆಯುವುದರಲ್ಲಿ ಒತ್ತಕ್ಷರ ಎಲ್ಲ ಪೇಪರಿನವರು ಸರಿ ಮಾಡುತ್ತಾರೆ. ನಿಮ್ಮಲ್ಲಿ ಮುಚ್ಚಿಡುವುದೇನು?) ನಮ್ಮ ಮನೆಯಲ್ಲಿ ಬಿಳಿ ಕೋಟು ಹಾಕಿದವರಲ್ಲಿ ಇವಳೇ ಮೊದಲು. ತಲೆ ತಿರುಗದೆ ಇರುತ್ತದಾ?

ಮೆಡಿಕಲ್ ಶಾಪಿನಲ್ಲಿ ಕೂರುವುದಕ್ಕೆ ಇಷ್ಟೆಲ್ಲ ಓದಬೇಕು ಅಂತಲೇ ನನಗೆ ಗೊತ್ತಿರಲಿಲ್ಲ. ಮಾತ್ರೆಯ ಮೇಲಿನ ಹೆಸರು ಓದಲು ಬಂದರೆ ಸಾಕು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಪಿಯುಸಿಯಲ್ಲಿ ಸೈನ್ಸೇ ಆಗಿರಬೇಕು. ಫಿಸಿಕ್ಸು, ಕೆಮಿಸ್ಟ್ರಿ ಬೇಕೇಬೇಕು, ಜೊತೆಗೆ ಬಯಾಲಜಿಯೋ ಗಣಿತವೋ ಇರಬೇಕು. ಸೇರುವ ಕಾಲೇಜಿಗೆ ಫಾರ್ಮಸಿ ಕೌನ್ಸಿಲ್ಲಿನ ಒಪ್ಪಿಗೆ ಇದೆಯಾ ಅಂತ ನೋಡಬೇಕು. ಇಲ್ಲದಿದ್ದರೆ ಎರಡು ವರ್ಷ ಓದಿದ್ದೂ ನೀರಿಗೆ. ಮಾರ್ಕ್ಸ್ ಕಾರ್ಡು, ಟಿ.ಸಿ., ಜಾತಿ, ಆದಾಯ ಅಂತ ಕಾಗದ ಹಿಡಿದುಕೊಂಡು ನಾನೂ ಅವಳೂ ನರಸಿಂಹರಾಜಪುರಕ್ಕೆ ಎಷ್ಟು ಸಲ ಹೋದೆವೋ. ತಾಲೂಕು ಆಫೀಸಿನ ಮೆಟ್ಟಿಲಿಗೂ ನನ್ನ ಮಂಡಿನೋವಿನ ಪರಿಚಯ ಇದೆ.

ಅಂತೂ ಶಿವಮೊಗ್ಗದಲ್ಲಿ ಎರಡು ವರ್ಷ ಓದಿದಳು, ಪಾಸಾದಳು. ಮುಗಿಯಿತಲ್ಲ?

ಮುಗಿದಿರಲಿಲ್ಲ.

ಊರಿಗೆ ಬಂದವಳು ಬ್ಯಾಗಿನಿಂದ ಒಂದು ಫಾರಂ ತೆಗೆದಳು. ಇನ್ನು ಐನೂರು ಗಂಟೆ ಟ್ರೈನಿಂಗ್ ಅಂತೆ. ಮೂರು ತಿಂಗಳಿಗೆ ಕಡಿಮೆ ಆಗಬಾರದು. ಆಸ್ಪತ್ರೆಯಲ್ಲೋ ಔಷಧಿ ಅಂಗಡಿಯಲ್ಲೋ ರಿಜಿಸ್ಟರ್ ಆದ ಫಾರ್ಮಸಿಸ್ಟ್ ಒಬ್ಬರ ಕೈಕೆಳಗೆ ನಿಂತು, ಡಾಕ್ಟರ ಚೀಟಿ ನೋಡಿ ಔಷಧಿ ಕೊಡುವುದನ್ನು ಕಲಿಯಬೇಕು. ಅವರು ಸಹಿ ಹಾಕಬೇಕು. ಆ ಫಾರಂ ಇಲ್ಲದೆ ಇವಳ ಹೆಸರು ಕೌನ್ಸಿಲ್ಲಿನಲ್ಲಿ ರಿಜಿಸ್ಟರ್ ಆಗುವುದಿಲ್ಲ. ಅದರ ಜೊತೆಗೆ ಎಕ್ಸಿಟ್ ಎಕ್ಸಾಂ ಅಂತ ಬೇರೆ ಒಂದಿದೆಯಂತೆ.

ಕೊಪ್ಪದ ಸರ್ಕಾರಿ ಆಸ್ಪತ್ರೆಯಲ್ಲಿ ಕೇಳಿ ಬರುತ್ತೇನೆ ಅಂತ ಮರುದಿನವೇ ಹೊರಟಳು. ನನಗೆ ಇಲ್ಲಿ ಚಡಪಡಿಕೆ ಶುರು. ಅವರು ಆಗುವುದಿಲ್ಲ ಅಂದರೆ? ಬಸ್ಸು ತಪ್ಪಿ ಒಂದು ದಿನ ಗಂಟೆ ಕಡಿಮೆಯಾದರೆ? ಐನೂರರಲ್ಲಿ ಒಂದು ಗಂಟೆ ಕಮ್ಮಿ ಬಿದ್ದರೆ ಎರಡು ವರ್ಷದ್ದೂ ಹೋಯಿತಾ? ಉಪ್ಪಿಟ್ಟಿಗೆ ಎರಡು ಸಲ ಉಪ್ಪು ಹಾಕಿದೆ. ಗಿರಾಕಿಗಳು ಪಾಪ, ಎರಡೆರಡು ಲೋಟ ನೀರು ಕುಡಿದರು.

ಆಗ ಕಣ್ಣಿಗೆ ಬಿದ್ದದ್ದು ರಸ್ತೆಯ ಆಚೆಗಿನ ಮೆಡಿಕಲ್ ಶಾಪು.

ಅದರ ಶಿವಣ್ಣ ನಮಗೆ ಹೊಸಬನಲ್ಲ. ದಿನಾ ಬೆಳಿಗ್ಗೆ ನಮ್ಮಲ್ಲಿ ಟೀ ಕುಡಿದೇ ಅಂಗಡಿಯ ಶಟರ್ ಎತ್ತುವವನು. ನನ್ನ ಬಿ.ಪಿ. ಮಾತ್ರೆ ಅವನದ್ದೇ. ಚೀಟಿ ತೋರಿಸುವುದೂ ಬೇಡ, ನನ್ನ ಮುಖ ಕಂಡರೆ ಸ್ಟ್ರಿಪ್ ತೆಗೆದಿಡುತ್ತಾನೆ. ನಮ್ಮ ಕಡೆ ಕೆಲಸ ಆಗುವುದೇ ಹಾಗಲ್ಲವಾ? ಗುರುತು ಇದ್ದರೆ ಸಾಕು. ರೇಷನ್ ಕಾರ್ಡಿಗೆ ಒಬ್ಬರು, ಗ್ಯಾಸಿಗೆ ಒಬ್ಬರು, ಬ್ಯಾಂಕಿಗೆ ಒಬ್ಬರು. ನನ್ನ ಟೀ ಕುಡಿಯದವರು ಈ ಊರಿನ ಯಾವ ಆಫೀಸಿನಲ್ಲಿದ್ದಾರೆ?

ಫಾರಂ ಮಡಚಿ ಸೆರಗಿನೊಳಗೆ ಇಟ್ಟುಕೊಂಡು ರಸ್ತೆ ದಾಟಿದೆ.

ಶಿವಣ್ಣ ಫಾರಂ ತಿರುಗಿಸಿ ನೋಡಿದ. "ಇದಕ್ಕೆ ಆ ಕೂಸು ಮೂರು ತಿಂಗ್ಳು ಯಾಕೆ ಅಲೀಬೇಕು ಅಕ್ಕ, ನಾನಿಲ್ವಾ" ಅಂದ. ಪೆನ್ನು ತೆಗೆದ. ಶುರುವಾದ ತಾರೀಕು, ಮುಗಿದ ತಾರೀಕು, ಐನೂರು ಗಂಟೆ, ಎಲ್ಲ ತುಂಬಿದ. ಗೋಡೆಯ ಮೇಲೆ ಗಾಜಿನ ಫ್ರೇಮಿನಲ್ಲಿ ಒಂದು ಫಾರ್ಮಸಿಸ್ಟ್ ಸರ್ಟಿಫಿಕೇಟು ನೇತು ಹಾಕಿದ್ದರು, ಫೋಟೋ ಸಮೇತ. ಅದರಲ್ಲಿದ್ದ ನಂಬರು ನೋಡಿ ಬರೆದ. ಸಹಿ ಹಾಕಿದ. ಸೀಲು ಒತ್ತಿದ. ಮೂರು ತಿಂಗಳ ಕೆಲಸ ಮೂರು ನಿಮಿಷಕ್ಕೆ ಮುಗಿಯಿತು. ನಾನು ಅವನ ಕಾಲಿಗೆ ಬೀಳುವುದೊಂದು ಬಾಕಿ.

ಸಂಜೆ ಸಿಂಚನಾ ಬಸ್ ಇಳಿದು ಬಂದಳು. ಕೊಪ್ಪದಲ್ಲಿ ಒಪ್ಪಿದ್ದಾರೆ, ಸೋಮವಾರದಿಂದ ಬಾ ಅಂದಿದ್ದಾರೆ ಅಂತ ಮುಖ ಅರಳಿಸಿಕೊಂಡಿದ್ದಳು. ನಾನು ಅದಕ್ಕಿಂತ ಅರಳಿಸಿಕೊಂಡು ಫಾರಂ ಮುಂದಿಟ್ಟೆ.

ಓದಿದಳು. ಮತ್ತೊಮ್ಮೆ ಓದಿದಳು. ಬೈಯುತ್ತಾಳೆ ಅಂದುಕೊಂಡೆ, ಬೈಯಲಿಲ್ಲ. ಅದು ಇನ್ನೂ ಕಷ್ಟ.

"ಈ ತಾರೀಕಿಗೆ ನಾನು ಶಿವಮೊಗ್ಗದಲ್ಲಿ ಪರೀಕ್ಷೆ ಬರೀತಿದ್ದೆ ಅಜ್ಜಿ" ಅಂದಳು. ಫಾರಂನ ಕೆಳಗೆ ತೋರಿಸಿ ಕೇಳಿದಳು, "ಇದು ಯಾರ ಸಹಿ?"

ಶಿವಣ್ಣನದ್ದು ಅಂದೆ.

"ಹೆಸರು ಗೋಡೆ ಮೇಲಿರೋರದ್ದು. ಅವರನ್ನ ನೀ ಯಾವತ್ತಾದ್ರೂ ಆ ಅಂಗಡೀಲಿ ನೋಡಿದ್ಯಾ?"

ಯೋಚಿಸಿದೆ. ಸೀತೂರಿನ ಕಡೆಯವರು, ಅಂಗಡಿಯ ಲೈಸೆನ್ಸಿಗೆ ಅವರ ಹೆಸರು ಅಂತ ಶಿವಣ್ಣ ಒಮ್ಮೆ ಹೇಳಿದ್ದ. ಎಷ್ಟು ವರ್ಷದಿಂದ ಆ ರಸ್ತೆ ದಾಟುತ್ತಿದ್ದೇನೆ, ಆ ಮುಖವನ್ನು ಗಾಜಿನ ಹಿಂದೆ ಬಿಟ್ಟು ಬೇರೆಲ್ಲೂ ನೋಡಿಲ್ಲ. ಟೀಗೂ ಬಂದವರಲ್ಲ.

ಸೋತೆ ಅಂತ ಒಪ್ಪಿಕೊಳ್ಳಲು ಆಗುತ್ತದಾ? ನನಗೂ ಸಿಟ್ಟು ಬಂತು. ಊರಿನಲ್ಲಿ ಎಲ್ಲರೂ ಮಾಡುವುದು ಹೀಗೆ, ನೀನು ಓದಿ ಪಾಸಾಗಿದ್ದೀಯ, ಇನ್ನು ಮೂರು ತಿಂಗಳು ನಿಂತು ಮಾತ್ರೆ ಎಣಿಸಿ ಕಲಿಯುವುದು ಏನಿದೆ ಅಂತ ಜೋರಾಗಿ ಅಂದೆ. ಅನ್ನುತ್ತಲೇ ಎದ್ದೆ. ಎದ್ದವಳಿಗೆ ಗೋಡೆ ಓರೆಯಾಗಿ ಕಂಡಿತು. ಬೆಂಚು ಹಿಡಿದು ಕುಳಿತೆ.

"ಯಾವಾಗಿಂದ ಹೀಗೆ?" ಅಂದಳು. ನೀನು ಪಾಸಾದಾಗಿನಿಂದ ಅಂದೆ. ಖುಷಿಗೆ ಅಂದೆ. ಅವಳು ನಗಲಿಲ್ಲ. ಮಾತ್ರೆ ತೋರಿಸು ಅಂದಳು.

ಬಿಸ್ಕತ್ತಿನ ಡಬ್ಬಿ ತಂದೆ. ಒಳಗೆ ಎರಡು ಸ್ಟ್ರಿಪ್. ಒಂದು ಗುಲಾಬಿ, ಹಳೆಯದು. ಇನ್ನೊಂದು ನೀಲಿ, ಹದಿನೈದು ದಿನದ ಹಿಂದೆ ಶಿವಣ್ಣ ಕೊಟ್ಟದ್ದು. ಗುಲಾಬಿಯದ್ದು ಈಗ ಬರುತ್ತಿಲ್ಲ, ಇದು ತಗೊಳ್ಳಿ ಅಂದಿದ್ದ. ಸರಿ ಅಂದಿದ್ದೆ. ಹಳೆಯದರಲ್ಲಿ ಇನ್ನೂ ಮಾತ್ರೆ ಉಳಿದಿತ್ತಲ್ಲ, ಹಾಳು ಮಾಡುವುದು ಯಾಕೆ? ಬೆಳಿಗ್ಗೆ ಗುಲಾಬಿ, ಸಂಜೆ ನೀಲಿ. ಹೋಟೆಲಿನಲ್ಲಿ ಒಂದು ತುಂಡು ಬೆಲ್ಲ ಬಿಸಾಡದ ಕೈ ಇದು, ಮಾತ್ರೆ ಬಿಸಾಡುತ್ತದಾ?

ಸಿಂಚನಾ ಎರಡನ್ನೂ ಬೆಳಕಿಗೆ ಹಿಡಿದಳು. ದೊಡ್ಡ ಅಕ್ಷರದ ಹೆಸರು ಬೇರೆ ಬೇರೆ ಇತ್ತು. ಅದರ ಕೆಳಗೆ ಇರುವೆ ಸಾಲಿನ ಹಾಗೆ ಸಣ್ಣ ಅಕ್ಷರ. ಅದರ ಮೇಲೆ ಬೆರಳಿಟ್ಟಳು.

"ಎರಡೂ ಒಂದೇ ಔಷಧಿ ಅಜ್ಜಿ. ನೀನು ದಿನಾ ಡಬಲ್ ತಗೊಳ್ತಾ ಇದೀಯ."

ಹದಿನೈದು ದಿನದ ನನ್ನ ಸಂತೋಷ ಆ ಸಣ್ಣ ಅಕ್ಷರದಲ್ಲಿತ್ತು.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕೊಪ್ಪಕ್ಕೆ ಕರೆದುಕೊಂಡು ಹೋದಳು. ಡಾಕ್ಟರು ನೋಡಿದರು. ಬಿ.ಪಿ. ತೀರಾ ಇಳಿದಿತ್ತು. ಇನ್ನು ಇದೊಂದೇ, ದಿನಕ್ಕೆ ಒಂದೇ ಅಂತ ಬರೆದುಕೊಟ್ಟರು. ಚೀಟಿ ಹಿಡಿದು ಔಷಧಿಯ ಕಿಟಕಿಗೆ ಹೋದೆ. ಒಳಗಿದ್ದ ಮೇಡಂ ಮಾತ್ರೆ ತೆಗೆದರು, ಆದರೆ ಕೊಡಲಿಲ್ಲ. "ಮನೇಲಿ ಬೇರೆ ಯಾವ್ದು ಮಾತ್ರೆ ಇದೆ ಅಜ್ಜಿ?" ಅಂದರು.

ಇಷ್ಟು ವರ್ಷ ಮಾತ್ರೆ ನುಂಗಿದ್ದೇನೆ. ಅಂಗಡಿಯಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಐನೂರು ಗಂಟೆ ನಿಂತು ಕಲಿಯುವುದು ಏನಿದೆ ಅಂದಿದ್ದೆನಲ್ಲ? ಈ ಒಂದು ಪ್ರಶ್ನೆ.

ಆದರೆ ಫಾರಂ ಹಾಳಾಗಿತ್ತು. ಹೊಸದು ಕಾಲೇಜಿನಿಂದಲೇ ಬರಬೇಕು. ಕಾರಣ ಬರೆದು ಅರ್ಜಿ ಕೊಡಬೇಕು. ಕಳೆದುಹೋಯಿತು ಅಂತ ಬರೆದುಬಿಡು ಅಂದೆ. (ಬುದ್ಧಿ ಇನ್ನೂ ಪೂರ್ತಿ ಬಂದಿರಲಿಲ್ಲ.) ಅವಳು ಇದ್ದದ್ದು ಇದ್ದ ಹಾಗೆ ಬರೆದಳು. ಅಂಗಡಿಯವನ ಮೇಲೆ ತಪ್ಪು ಹೊರಿಸಲಿಲ್ಲ. ಟ್ರೈನಿಂಗ್ ಮಾಡದೆ ಫಾರಂ ತುಂಬಿಸಿದ್ದು ನಮ್ಮ ಮನೆಯವರ ತಪ್ಪು, ನಾನು ಅದನ್ನು ಬಳಸುವುದಿಲ್ಲ ಅಂತ ಬರೆದು, ಆ ಹಾಳಾದ ಫಾರಂ ಅನ್ನೂ ಅದಕ್ಕೇ ಪಿನ್ನು ಮಾಡಿದಳು.

ಶಿವಮೊಗ್ಗದ ಕಾಲೇಜಿಗೆ ನಾನೂ ಹೋದೆ. ತಪ್ಪು ಮಾಡಿದವಳು ನಾನಲ್ಲವಾ? ಪ್ರಿನ್ಸಿಪಾಲರು ಓದಿ, ತಲೆಯೆತ್ತದೆ, ಮೀಟಿಂಗಿನಲ್ಲಿ ಇಟ್ಟು ತಿಳಿಸುತ್ತೇವೆ ಅಂದರು. ತಿಳಿಸುವುದು ಯಾವಾಗ? ಏನು ತಿಳಿಸುತ್ತಾರೆ? ಹುಡುಗಿಯ ಹೆಸರಿಗೆ ಕಪ್ಪು ಮಸಿ ಬಳಿದರೆ? ನಿಜ ಬರೆದದ್ದಕ್ಕೆ ಅವಳದ್ದೇ ದಾರಿ ಮುಚ್ಚಿಬಿಟ್ಟರೆ? ಕಳೆದ ವಾರ ಈ ಜಾಗದಲ್ಲಿ ನನ್ನ ಬರಹ ಇರಲಿಲ್ಲ. ಯಾಕೆ ಅಂತ ಕೆಲವರು ಕೇಳಿದಿರಿ. ಕೈಯಲ್ಲಿ ಪೆನ್ನು ಇತ್ತು, ಕಿವಿ ಫೋನಿನ ಕಡೆ ಇತ್ತು.

ಎಂಟನೇ ದಿನ ಫೋನು ಬಂತು. ಹೊಸ ಫಾರಂ ಕೊಟ್ಟರು. ಜೊತೆಗೆ ಬೈಗುಳ. ಬೈಗುಳ ಸಿಂಚನಾ ತಿಂದಳು, ನನ್ನ ಪಾಲಿನದ್ದೂ ಸೇರಿಸಿ. ಗಂಟೆ ಸೊನ್ನೆಯಿಂದ ಶುರು.

ಈಗ ದಿನಾ ಕೊಪ್ಪದ ಬಸ್ಸು ಹತ್ತುತ್ತಾಳೆ. ಸಂಜೆ ಬಂದ ಕೂಡಲೇ ಎಷ್ಟಾಯಿತು ಅಂತ ಕೇಳುತ್ತೇನೆ. ನಿನ್ನೆಗೆ ನಲವತ್ತೆರಡು. ಇನ್ನೂ ಎಷ್ಟು ಉಳಿಯಿತು ಅಂತ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕುತ್ತೇನೆ. ಅದು ಮುಗಿದರೂ ಆ ಎಕ್ಸಾಮಿದೆ, ರಿಜಿಸ್ಟ್ರೇಶನ್ ಇದೆ. ಸಂತೋಷ ಇದೆ, ಆದರೆ ಈಗ ಕುಳಿತೇ ಸಂತೋಷಪಡುತ್ತೇನೆ.

ಹಾಳಾದ ಫಾರಂ ಕಾಲೇಜಿಗೆ ಹೋಯಿತು ಅಂತ ತಿಳಿದು ಶಿವಣ್ಣ ನಾಲ್ಕು ದಿನ ಟೀಗೆ ಬರಲಿಲ್ಲ. ಐದನೇ ದಿನ ಬಂದ. ಕೆಟ್ಟವನಲ್ಲ ಅವನು. ಅರ್ಧ ರಾತ್ರಿಯಲ್ಲಿ ಬಾಗಿಲು ಬಡಿದರೂ ಜ್ವರದ ಮಾತ್ರೆ ಕೊಡುವವನು. ಆದರೆ ಅವನೂ ನನ್ನ ಹಾಗೆಯೇ, ಸ್ಟ್ರಿಪ್ಪಿನ ಬಣ್ಣ ನೋಡಿ ಗುರುತು ಹಿಡಿಯುವವನು. ಟೀ ಲೋಟ ತಿರುಗಿಸುತ್ತಾ ಸಿಂಚನಾಳಿಗೇ ಹೇಳಿದ, "ಸೀತೂರಿನವರಿಗೆ ವಯಸ್ಸಾಯ್ತು ಮಾರಾಯ್ತಿ. ನಿಂದು ರಿಜಿಸ್ಟರ್ ಆದ್ಮೇಲೆ ಆ ಫ್ರೇಮಿಗೆ ನಿನ್ನ ಸರ್ಟಿಫಿಕೇಟೇ ಹಾಕಣ. ನೀ ಬರಬೇಕು ಅಂತೇನಿಲ್ಲ."

ಅವಳು ಲೋಟ ತೆಗೆದುಕೊಂಡಳು, ಟೇಬಲ್ ಒರೆಸಿದಳು. "ಹಾಕಿ ಶಿವಣ್ಣ. ಫೋಟೋ ಬಂದ ದಿನ ನಾನೂ ಬರ್ತೀನಿ. ಅದು ಗೋಡೇಲಿರೋವರೆಗೆ ಕೌಂಟರಲ್ಲಿ ನಾನೇ ನಿಂತಿರ್ತೀನಿ" ಅಂದಳು.

ಶಿವಣ್ಣ ಯೋಚನೆ ಮಾಡುತ್ತಿದ್ದಾನೆ. ಮಾಡಲಿ.

ನೀವೂ ಒಂದು ಕೆಲಸ ಮಾಡಿ. ಮುಂದಿನ ಸಲ ಮಾತ್ರೆಗೆ ಹೋದಾಗ ತಲೆಯೆತ್ತಿ ಗೋಡೆ ನೋಡಿ, ಆಮೇಲೆ ಮಾತ್ರೆ ಕೊಡುತ್ತಿರುವ ಮುಖ ನೋಡಿ: ಇಬ್ಬರೂ ಒಬ್ಬರೇನಾ?