ಬಟ್ಟಲಿನ ಬಾಯಿ

ಹೋದ ವಾರ ಹೊಸ ಪ್ಯಾಂಟಿನ ಕಾಲು ಗಿಡ್ಡ ಮಾಡಿಸಲು ಪುಣೆಯ ನಮ್ಮ ಧಾಯರಿ ಬಡಾವಣೆಯ ಟೇಲರ್ ಅಂಗಡಿಗೆ ಹೋಗಿದ್ದೆ. ವಯಸ್ಸಾದಂತೆ ಮನುಷ್ಯ ಕುಗ್ಗುತ್ತಾನೆ ಎಂದು ಎಲ್ಲೋ ಓದಿದ್ದೆನಾದರೂ ನನಗೇನೋ ಪ್ಯಾಂಟುಗಳೇ ಬೆಳೆಯುತ್ತಿವೆ ಅನಿಸುತ್ತದೆ. ಅಂಗಡಿಯ ಬಾಯಿ, ಇಲ್ಲಿ ಹೆಂಗಸರಿಗೆ ಹಾಗೇ ಅನ್ನುವುದು, ಮೇಜಿನ ಮೇಲೆ ಬ್ಲೌಸಿನ ಬಟ್ಟೆ ಹರಡಿ ಅದರ ಮೇಲೆ ಹಲ್ಲುಗಾಲಿ ಉರುಳಿಸುತ್ತಿದ್ದಳು. ನೀವು ನೋಡಿರುತ್ತೀರಿ: ಕಟ್ಟಿಗೆಯ ಹಿಡಿ, ತುದಿಗೆ ಎರಡು ರೂಪಾಯಿ ನಾಣ್ಯದಷ್ಟು ಚಕ್ರ, ಸುತ್ತಲೂ ಮೊನಚಾದ ಹಲ್ಲು. ಅದು ಹೋದಲ್ಲೆಲ್ಲ ಬಟ್ಟೆಯ ಮೇಲೆ ಚುಕ್ಕೆಯ ಸಾಲು ಮೂಡುತ್ತದೆ. ಕಿರ್ರ್, ಕಿರ್ರ್ ಎಂಬ ಆ ಸದ್ದು ಕೇಳುತ್ತ ನಾನು ಹಾಗೇ ನಿಂತುಬಿಟ್ಟೆ. “ಕಾಕಾ, ಕಿತೀ ಇಂಚ?” ಎಂದು ಆಕೆ ಎರಡು ಸಲ ಕೇಳಬೇಕಾಯಿತು. ಎಷ್ಟು ಇಂಚು ಎನ್ನುವುದು ನನಗೆ ಮರೆತೇ ಹೋಗಿತ್ತು. ನೆನಪಾಗುತ್ತಿದ್ದದ್ದು ಭಾಗಮ್ಮ.

ಭಾಗಮ್ಮನ ಕಥೆ ಹೇಳುವ ಮೊದಲು ನನ್ನ ಕಸುಬಿನ ಬಗ್ಗೆ ಎರಡು ಮಾತು ಹೇಳಬೇಕು. ಇಲ್ಲದಿದ್ದರೆ ನಾನು ಎಷ್ಟು ಎತ್ತರದಿಂದ ಕೆಳಗೆ ಬಿದ್ದೆ ಎನ್ನುವುದು ನಿಮಗೆ ತಿಳಿಯುವುದಿಲ್ಲ. ನಾನು ನಕ್ಷೆಗಾರ. ಬೆಳಗಾವಿಯಲ್ಲಿ ಕಲಿತು, ಪುಣೆಗೆ ಬಂದು, ರಾಂಜಣಗಾಂವದ ಒಂದು ಕಾರ್ಖಾನೆಯಲ್ಲಿ ನಿವೃತ್ತಿಯವರೆಗೂ ಯಂತ್ರದ ಭಾಗಗಳ ಚಿತ್ರ ಬರೆದವನು. ಮೊದಲು ಬೋರ್ಡಿನ ಮೇಲೆ, ಆಮೇಲೆ ಕಂಪ್ಯೂಟರಿನಲ್ಲಿ. ನನ್ನ ಗೆರೆಯ ಬಗ್ಗೆ ನನಗೆ ಭಾಳ ಅಭಿಮಾನ. ನನ್ನ ಹೆಂಡತಿ ಸುಮಿತ್ರಾ ಮಾತ್ರ, “ನಟ್ಟು ಬೋಲ್ಟು ಅಷ್ಟು ಚಂದ ತೆಗೀತೀರಿ, ಬಾಗಲಾ ಮುಂದ ಒಂದು ರಂಗೋಲಿ ಹಾಕ್ರಿ ನೋಡೋಣು” ಎಂದು ಆಗಾಗ ನನ್ನನ್ನು ನೆಲಕ್ಕೆ ಇಳಿಸುತ್ತಿದ್ದಳು. ನಿವೃತ್ತಿಯ ದಿನ ಗೆಳೆಯರು ನನ್ನದೇ ಹಳೆಯ ನಕ್ಷೆಯೊಂದಕ್ಕೆ ಚೌಕಟ್ಟು ಹಾಕಿಸಿ ಕೊಟ್ಟಿದ್ದರು. ಅದು ನಡುಮನೆಯಲ್ಲಿ ದೇವರ ಫೋಟೋಕ್ಕಿಂತ ಒಂದು ಗೇಣು ಮೇಲೆ ತೂಗುತ್ತಿತ್ತು.

ಐದಾರು ವರ್ಷದ ಹಿಂದೆ ನಮ್ಮ ಬಚ್ಚಲಮನೆಯ ನೆಲದ ಫರ್ಶಿ ಎದ್ದು, ರಿಪೇರಿಗೆ ಸಾಬಣ್ಣ ಎಂಬ ಗವಂಡಿ, ಗಾರೆ ಕೆಲಸದವನು, ಬಂದ. ಯಾದಗಿರಿ ಕಡೆಯವನು. ಸುಮಿತ್ರಾ ನನ್ನನ್ನು ಕನ್ನಡದಲ್ಲಿ ಬೈಯುವುದನ್ನು ಕೇಳಿ ಅವನ ಮುಖ ಅರಳಿತು. ಮಧ್ಯಾಹ್ನ ಚಹಾ ಕುಡಿಯುವಾಗ ಗೋಡೆಯ ನಕ್ಷೆಯನ್ನೇ ನೋಡುತ್ತಿದ್ದವನು ಕೇಳಿದ:

“ಸಾಹೇಬ್ರ, ಈ ಚಿತ್ರ ನೀವೇ ತಗದೀರೇನ್ರಿ?”

“ಹೌದಪಾ,” ಎಂದೆ, ಉಬ್ಬಿ.

“ನಮ್ಮ ಹುಡುಗಿಗಿ ಚಿತ್ರ ಬೇಕಾಗ್ಯಾವ್ರಿ. ಹತ್ತನೇ ಕ್ಲಾಸ್ ಅದಾಳ. ಗಣಿತದ ಬುಕ್ಕಿನ ಚಿತ್ರ.”

“ಬುಕ್ಕಿನಾಗ ಇರ್ತಾವಲ್ಲ?”

“ಇರ್ತಾವ್ರಿ. ಆಕಿಗಿ ಕಣ್ಣ ಕಾಣಂಗಿಲ್ರಿ.”

“ಭಾನುವಾರ ಕರಕೊಂಡು ಬಾ,” ಎಂದೆ. ಕಣ್ಣು ಕಾಣದವಳಿಗೆ ಚಿತ್ರ ಯಾಕೆ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದನ್ನು ಇವತ್ತು ನಿಮ್ಮ ಮುಂದೆ ಒಪ್ಪಿಕೊಳ್ಳುತ್ತಿದ್ದೇನೆ.

ಆ ಭಾನುವಾರ ಅವನು ಮಗಳು ಭಾಗಮ್ಮನನ್ನು ಕರೆತಂದ. ಎರಡು ವರ್ಷದವಳಿದ್ದಾಗ ಜ್ವರ ಬಂದು ದೃಷ್ಟಿ ಹೋಯಿತಂತೆ. ಎರಡು ಜಡೆ, ಶಾಲೆಯದೇ ಬೂಟು, ಕೈಯಲ್ಲೊಂದು ಹಳೆಯ ಮೊಬೈಲು. ಓದುತ್ತಿದ್ದದ್ದು ಮರಾಠಿ ಶಾಲೆಯಲ್ಲಿ, ಕಣ್ಣಿರುವ ಮಕ್ಕಳ ಜೊತೆಗೆ. ಪುಸ್ತಕ ಹೇಗೆ ಓದುತ್ತೀಯಮ್ಮಾ ಎಂದು ಕೇಳಿದೆ. ಅವಳು ಮೊಬೈಲನ್ನು ಒತ್ತಿದಳು. ಅದರೊಳಗಿಂದ ಡಬ್ಬಿಯಲ್ಲಿ ಕಡಲೆ ಹಾಕಿ ಅಲ್ಲಾಡಿಸಿದಂಥ ಸದ್ದು ಬಂತು.

“ಇದು ಯಾವ ಭಾಷಾ?”

“ಮರಾಠೀನೇ ರೀ ಕಾಕಾ. ಮೆಲ್ಲಕ ಹಚ್ಚಲೇನ್ರಿ?” ಎಂದು ನಕ್ಕು ವೇಗ ಇಳಿಸಿದಳು. ಆಗ ನನ್ನ ಕಿವಿಗೆ ಮಾತು ಸಿಕ್ಕಿತು. ಪುಟವನ್ನು ಓದಿ ಹೇಳುವ ಯಂತ್ರದ ಧ್ವನಿ ಅದು. “ಆಕೃತೀತ ದಾಖವಲ್ಯಾಪ್ರಮಾಣೆ” ಎಂದಿತು, ಒಂದು ಕ್ಷಣ ತಡೆಯಿತು, ಮುಂದಿನ ಲೆಕ್ಕಕ್ಕೆ ಹೋಯಿತು.

“ಆಕೃತಿಯೊಳಗ ತೋರಿಸಿದಂಗ, ಅಂತದ್ರಿ,” ಭಾಗಮ್ಮ ಹೇಳಿದಳು. “ಎಲ್ಲಾ ಲೆಕ್ಕಕ್ಕೂ ಹಂಗೇ ಅಂತದ. ಏನ್ ತೋರಿಸ್ಯಾರ ಅಂತ ಒಮ್ಮಿನೂ ಹೇಳಂಗಿಲ್ಲ.”

ವಿಷಯ ಇಷ್ಟು. ಕಣ್ಣಿಲ್ಲದ ಮಕ್ಕಳಿಗೆ ರೇಖಾಗಣಿತ ಬಿಟ್ಟು ಸುಲಭದ ಅಂಕಗಣಿತ ಬರೆಯುವ ಅನುಕೂಲವಿತ್ತು. ಶಾಲೆಯ ಗಣಿತದ ಬಾಯಿ, ಅಂದರೆ ಟೀಚರು, ಅದನ್ನೇ ಬರೆ ಎನ್ನುತ್ತಿದ್ದರು. ಅವರದು ಕೆಟ್ಟ ಮನಸ್ಸಲ್ಲ. ಹುಡುಗಿ ನಪಾಸಾದಾಳೆಂಬ ಕಾಳಜಿ. ಆದರೆ ಅದನ್ನು ಬರೆದರೆ ಮುಂದೆ ಕಾಲೇಜಿನಲ್ಲಿ ಗಣಿತದ ಬಾಗಿಲು ಮುಚ್ಚುತ್ತಿತ್ತು, ಅವಳಿಗೆ ಬೇಕಾದದ್ದು ಗಣಿತವೊಂದೇ. ಹಟ ಮಾಡಿ ಮಾಡಿ ಕೊನೆಗೆ ಬಾಯಿಯಿಂದ ಒಂದು ಮಾತು ಪಡೆದಿದ್ದಳು: ದೀಪಾವಳಿಗೆ ಮೊದಲು ನಾನೇ ನಿನಗೊಂದು ಪರೀಕ್ಷೆ ಕೊಡುತ್ತೇನೆ, ಅದರಲ್ಲಿ ಪಾಸಾದರೆ ಪೂರ್ತಿ ಗಣಿತಕ್ಕೆ ಹೆಸರು ಕಳಿಸುತ್ತೇನೆ. ಆಗ ಕೈಯಲ್ಲಿದ್ದದ್ದು ಮೂರು ತಿಂಗಳು.

ಬೆರಳಿಗೆ ಸಿಗುವಂತೆ ಉಬ್ಬಿದ ಗೆರೆ ಎಳೆಯುವುದು ಹೇಗೆ? ನಾನು ಸೂಜಿ, ಅಂಟು, ದಾರ ಎಂದು ಎರಡು ದಿನ ಒದ್ದಾಡಿದೆ. ಸುಮಿತ್ರಾ ತನ್ನ ಹೊಲಿಗೆಯ ಡಬ್ಬಿಯಿಂದ ಹಲ್ಲುಗಾಲಿ ತೆಗೆದು ಮೇಜಿನ ಮೇಲಿಟ್ಟು, ಮಾತಾಡದೆ ಒಳಗೆ ಹೋದಳು. ರಬ್ಬರಿನ ಹಾಸಿನ ಮೇಲೆ ದಪ್ಪ ಹಾಳೆ ಇಟ್ಟು ಆ ಗಾಲಿ ಉರುಳಿಸಿದರೆ ಹಾಳೆಯ ಆಚೆ ಬದಿಗೆ ಚುಕ್ಕೆಗಳು ಉಬ್ಬುತ್ತವೆ. ನಾನು ಉತ್ಸಾಹದಿಂದ ಒಂದು ತ್ರಿಕೋನ ಬರೆದು, ಅಳತೆಯ ಬಾಣಗಳನ್ನು ಹಾಕಿ, ಒಳಗೆ ಓರೆಗೆರೆ ತುಂಬಿಸಿ, ನನ್ನ ಕಾರ್ಖಾನೆಯ ಘನತೆಗೆ ತಕ್ಕಂಥ ಹಾಳೆ ಸಿದ್ಧ ಮಾಡಿದೆ.

ಭಾಗಮ್ಮ ಅದರ ಮೇಲೆ ಎರಡೂ ಕೈ ಆಡಿಸಿದಳು. “ಕಾಕಾ, ಇರುವಿ ಸಾಲು ಭಾಳ ಆಗ್ಯಾವ್ರಿ. ಯಾವ ಸಾಲು ಹಿಡ್ಕೊಂಡು ಹೋಗಬೇಕು ತಿಳೀವಲ್ದು.” ಆಮೇಲೆ ಮೆಲ್ಲಗೆ, “ಮತ್ತ ಎಡಕ್ಕಿರಬೇಕಾದ್ದು ಬಲಕ್ಕದ,” ಎಂದಳು. ಹೌದು, ಹಿಂದಿನಿಂದ ಒತ್ತಿದ ಗೆರೆ ಮುಂದೆ ತಿರುಗಿ ಮೂಡುತ್ತದೆ. ಇಷ್ಟು ಗೊತ್ತಾಗದೆ ನಾನು ನಕ್ಷೆಗಾರ! “ನಾವೂ ಬ್ರೈಲ್ ಹಂಗೇ ಬರೀತೀವ್ರಿ, ಬಲದಿಂದ ಎಡಕ್ಕ ತಿರುಗಿಸಿ. ರೂಢಿ ಆಗ್ತದ್ರಿ ಕಾಕಾ,” ಎಂದು ಅವಳೇ ನನಗೆ ಸಮಾಧಾನ ಹೇಳಿದಳು. ಅವತ್ತಿನಿಂದ ನಾನು ಎಲ್ಲವನ್ನೂ ಕನ್ನಡಿಯೊಳಗಿನ ಮನುಷ್ಯನಂತೆ ತಿರುಗಿಸಿ ಬರೆಯಲು ಕಲಿತೆ. ಬಾಣ ಹೋಯಿತು, ಓರೆಗೆರೆ ಹೋಯಿತು. ಒಂದು ಹಾಳೆಗೆ ಒಂದೇ ಆಕೃತಿ.

ತ್ರಿಕೋನ, ವರ್ತುಳಗಳು ಅವಳಿಗೆ ನೀರು ಕುಡಿದಷ್ಟು ಸುಲಭವಾಗಿದ್ದವು. ಅದಕ್ಕೆ ಕಾರಣ ಸಾಬಣ್ಣ. ಹೆಂಡತಿಯೂ ಕೆಲಸಕ್ಕೆ ಹೋಗುತ್ತಿದ್ದುದರಿಂದ ಸಣ್ಣಂದಿನಲ್ಲಿ ಮಗಳನ್ನು ಕಟ್ಟಡದ ಜಾಗಕ್ಕೇ ಕರೆದೊಯ್ದು, ಮೂಲೆ ನೇರ ಬಂತೇ ಎಂದು ನೋಡಲು ದಾರದ ಒಂದು ತುದಿಯನ್ನು ಅವಳ ಕೈಗೆ ಕೊಡುತ್ತಿದ್ದನಂತೆ. ಒಂದು ಕಡೆ ಮೂರು ಮೊಳ, ಇನ್ನೊಂದು ಕಡೆ ನಾಲ್ಕು, ಎದುರಿಗೆ ಐದು. “ಐದಕ್ಕ ದಾರ ಬಿಗೀತಂದ್ರ ಮೂಲಿ ಖರೇ ಅದ ಅಂತ,” ಎಂದಳು. ಯಾವ ಪ್ರಮೇಯವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೋ ಅದು ಇವಳಿಗೆ ನಾಲ್ಕನೇ ವಯಸ್ಸಿಗೇ ಕೈಯಲ್ಲಿ ಬಿಗಿದ ದಾರವಾಗಿ ಗೊತ್ತಿತ್ತು.

ನನ್ನ ಗರ್ವ ಪೂರ್ತಿ ಇಳಿದದ್ದು ಬಟ್ಟಲಿನ ದಿನ. ಉರುಳೆಯಾಕಾರದ ಪಾತ್ರೆಯ ಲೆಕ್ಕವೊಂದಿತ್ತು. ಪುಸ್ತಕದಲ್ಲಿ ಇರುವಂತೆಯೇ ಬರೆದುಕೊಟ್ಟೆ: ನಿಂತ ಎರಡು ಗೆರೆ, ಮೇಲೊಂದು ಚಪ್ಪಟೆ ಉಂಗುರ, ಕೆಳಗೊಂದು ಅರ್ಧ ಬಾಗಿದ ಗೆರೆ. ನೀವೂ ನಾನೂ ಹುಟ್ಟಿದಾಗಿನಿಂದ ನೋಡುತ್ತ ಬಂದದ್ದು. ಅವಳ ಬೆರಳು ಆ ಉಂಗುರದ ಮೇಲೆ ನಿಂತಿತು.

“ಇದೇನ್ರಿ, ಕೋಳಿ ತತ್ತಿ?”

“ತತ್ತಿ ಅಲ್ಲ, ಪಾತ್ರೆಯ ಬಾಯಿ.”

ಅವಳು ಎದುರಿಗಿದ್ದ ಚಹಾದ, ನೇರ ಗೋಡೆಯ ಸ್ಟೀಲಿನ ಬಟ್ಟಲನ್ನು ಎತ್ತಿ ಅಂಚಿನ ಸುತ್ತ ಬೆರಳಾಡಿಸಿದಳು. “ಬಟ್ಟಲದ ಬಾಯಿ ದುಂಡಗ ಅದ್ರಿ ಕಾಕಾ. ನೀವ್ಯಾಕ ಚಪ್ಪಟಿ ಮಾಡೀರಿ?”

“ಸ್ವಲ್ಪ ಮ್ಯಾಲಿಂದ, ಓರೆಯಾಗಿ ನೋಡಿದರ ಹಂಗ ಕಾಣ್ತದವ್ವಾ.”

“ಅಂದ್ರ ಇರೂದು ದುಂಡಗ, ಕಾಣೂದು ಚಪ್ಪಟಿ?” ಅವಳಿಗೆ ನಿಜಕ್ಕೂ ಆಶ್ಚರ್ಯ. “ಮತ್ತ ಕಣ್ಣು ಸುಳ್ಳ ಹೇಳ್ತಾವಲ್ರಿ!”

 ಗಿರಾಕಿಗಳಿಗೆ ತೋರಿಸುವ ಚಿತ್ರಗಳಲ್ಲಿ ಆಯುಷ್ಯವಿಡೀ ಆ ಸುಳ್ಳನ್ನು ಚಂದ ಮಾಡಿ ಬರೆದದ್ದಕ್ಕೆ ಸಂಬಳ ತೆಗೆದುಕೊಂಡವನು ನಾನು. ಅವಳು ಬಟ್ಟಲನ್ನು ತಿರುಗಿಸುತ್ತ ತನಗೆ ತಾನೇ ಎಂಬಂತೆ ಹೇಳುತ್ತ ಹೋದಳು: “ಎರಡು ಹಾಳಿ ಕೊಡ್ರಿ. ಒಂದರಾಗ ಮ್ಯಾಲಿಂದ ಮುಟ್ಟಿದ್ದು, ದುಂಡು. ಇನ್ನೊಂದರಾಗ ಬದೀಲಿಂದ ಮುಟ್ಟಿದ್ದು, ಉದ್ದ ಚೌಕ. ಎರಡೂ ಕೂಡಿಸಿ ಬಟ್ಟಲ ನಾನೇ ಮಾಡ್ಕೋತೀನಿ.”

ಯಂತ್ರ ಮಾಡುವವರಿಗೆ ಕೊಡುವ ನಕ್ಷೆ ಬರೆಯುವ ವಿಧಾನವೇ ಇದು. ಮೇಲಿನಿಂದ ಒಂದು, ಬದಿಯಿಂದ ಒಂದು. ಕೂಡಿಸಿಕೊಳ್ಳುವುದು ಓದುವವನ ಕೆಲಸ. ಕಾರ್ಖಾನೆಗೆ ಹೊಸದಾಗಿ ಬರುವ ಹುಡುಗರಿಗೆ ಇದನ್ನು ತಲೆಗೆ ತುಂಬಲು ನನಗೆ ತಿಂಗಳುಗಳೇ ಬೇಕಾಗುತ್ತಿದ್ದವು. ಇವಳು ಚಹಾದ ಬಟ್ಟಲು ಕೈಯಲ್ಲಿ ಹಿಡಿದು, ಯಾರೂ ಹೇಳದೆ, ಅಲ್ಲೇ ಕಂಡುಹಿಡಿದಿದ್ದಳು. ಆ ಸಂಜೆ ಅವರು ಹೋದಮೇಲೆ ನಾನು ಕಣ್ಣು ಮುಚ್ಚಿ ಮನೆಯ ಪಾತ್ರೆಗಳನ್ನೆಲ್ಲ ಒಂದೊಂದಾಗಿ ಮುಟ್ಟಿ ನೋಡಿದೆ. “ಪಾತ್ರೆ ತಿಕ್ಕೂ ವಿಚಾರ ಇದ್ದರ ಕಣ್ಣು ತಗದು ತಿಕ್ರಿ,” ಎಂದಳು ಸುಮಿತ್ರಾ.

ಮೂರು ತಿಂಗಳಲ್ಲಿ ನೂರರ ಸಮೀಪ ಹಾಳೆಗಳಾದವು. ಪರೀಕ್ಷೆಗಾಗಿ ಒಂದು ಸಂಸ್ಥೆಯವರಿಂದ ವಿಶೇಷ ಪ್ಲಾಸ್ಟಿಕ್ ಹಾಳೆಯೂ ಸಿಕ್ಕಿತು. ರಬ್ಬರಿನ ಮೇಲಿಟ್ಟು ಪೆನ್ನಿನಿಂದ ಗೀರಿದರೆ ಗೆರೆ ಈಚೆಗೇ ಉಬ್ಬುತ್ತದೆ. ಈಗ ಆಕೃತಿಯನ್ನು ಅವಳೇ ಬರೆಯಬಲ್ಲಳು. ಮೊದಲ ಸಲ ತನ್ನ ಕೈಯಾರೆ ವರ್ತುಳ ಎಳೆದು, ಅವಳು ಅದರ ಸುತ್ತ ಮತ್ತೆ ಮತ್ತೆ ಬೆರಳಾಡಿಸಿದಳು. ಸಾಬಣ್ಣ ಕಿಟಕಿಯ ಹತ್ತಿರ ಹೋಗಿ ನಿಂತ.

ಪರೀಕ್ಷೆಯ ದಿನ ಅವನು ಕೆಲಸಕ್ಕೆ ರಜೆ ಹಾಕಿದ್ದ. ಆಗ ಅವನ ಕೆಲಸ ಊರಾಚೆ, ದೂರದ ಭೋರ್ ಕಡೆ ನಡೆದಿತ್ತು. ನಾವಿಬ್ಬರೂ ತರಗತಿಯ ಹೊರಗೆ ಬೆಂಚಿನ ಮೇಲೆ ಕೂತೆವು. ಕಿಟಕಿ ತೆರೆದಿತ್ತು. ಬಾಯಿ ಪ್ರಶ್ನೆ ಓದುತ್ತಿದ್ದರು, ಭಾಗಮ್ಮ ಆಕೃತಿ ಬರೆದುಕೊಂಡು ಉತ್ತರ ಹೇಳುತ್ತಿದ್ದಳು, ಬಾಯಿ ಬರೆದುಕೊಳ್ಳುತ್ತಿದ್ದರು. ನಾಲ್ಕನೇ ಪ್ರಶ್ನೆಗೆ ಒಳಗೆ ಸದ್ದು ನಿಂತಿತು. ಸಾಬಣ್ಣ ನನ್ನ ಮುಂಗೈ ಹಿಡಿದ. ವರ್ತುಳದಲ್ಲೊಂದು ತ್ರಿಕೋನ, ಅದರ ಒಂದು ಗೆರೆ ನಡುಬಿಂದುವಿನಿಂದ ಹೋಗುತ್ತದೆ ಎಂದು ಬಾಯಿ ಹೇಳಿದ್ದರು; ಎದುರಿನ ಕೋನ ಎಷ್ಟು ಎಂಬ ಪ್ರಶ್ನೆ ಅದು.

“ಬಾಯಿ,” ಭಾಗಮ್ಮನ ಧ್ವನಿ ಕೇಳಿಸಿತು, ಮರಾಠಿಯಲ್ಲಿ. “ಈ ಗೆರೆ ವರ್ತುಳದ ನಡುಬಿಂದುವಿನಿಂದ ಹೋಗುತ್ತದೆ ಎಂದು ಪ್ರಶ್ನೆಯಲ್ಲಿ ಬರೆದಿದ್ದಾರೆಯೇ? ಅಥವಾ ಚಿತ್ರದಲ್ಲಿ ಸುಮ್ಮನೆ ಹಾಗೆ ಕಾಣುತ್ತದೆಯೇ?”

ಬಾಯಿ ಪ್ರಶ್ನೆಯನ್ನು ಮತ್ತೊಮ್ಮೆ ಓದಿಕೊಂಡರು. ಆಮೇಲೆ ಮತ್ತೊಮ್ಮೆ. ಬರೆದಿರಲಿಲ್ಲ. ಚಿತ್ರದಲ್ಲಿ ಹಾಗೆ ಕಾಣುತ್ತಿತ್ತು, ಅಷ್ಟೇ. ಗೆರೆ ನಡುಬಿಂದುವಿನಿಂದ ಹೋದರೆ ಮಾತ್ರ ಎದುರಿನ ಕೋನ ತೊಂಬತ್ತು. ಪ್ರತಿ ವರ್ಷ ಅದೇ ಲೆಕ್ಕ ಕೊಟ್ಟಿದ್ದರಂತೆ. ನೋಡುವ ಮಕ್ಕಳೆಲ್ಲ ನೋಡಿ, ಹೌದೆಂದು ಹಿಡಿದು, ತೊಂಬತ್ತು ಎಂದು ಬರೆದು, ಅಂಕ ತೆಗೆದುಕೊಂಡು ಹೋಗಿದ್ದರು.

“ಬರೆದಿಲ್ಲದಿದ್ದರೆ,” ಎಂದಳು ಭಾಗಮ್ಮ, “ಈ ಲೆಕ್ಕಕ್ಕೆ ಉತ್ತರ ಇಲ್ಲ, ಬಾಯಿ.”

ಬಾಯಿ ಹೊರಗೆ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು. ಸಾಬಣ್ಣ ಎದ್ದು ಕೈ ಮುಗಿದ. ಅವರು ಅವನನ್ನು ನೋಡದೆ, ಅವನ ಕೈಯಲ್ಲಿದ್ದ, ಪೂರ್ತಿ ಗಣಿತಕ್ಕೆ ಹೆಸರು ಕಳಿಸುವ ಅರ್ಜಿಯನ್ನು ಇಸಿದುಕೊಂಡು, ಗೋಡೆಗೆ ಇಟ್ಟು ಅಲ್ಲೇ ಸಹಿ ಹಾಕಿದರು. “ಇನ್ನೂ ಆರು ಪ್ರಶ್ನೆ ಅದಾವಲ್ರಿ,” ಎಂದು ಒಳಗಿಂದ ಭಾಗಮ್ಮ ಕನ್ನಡದಲ್ಲೇ ಕೂಗಿದಳು. ಅವಳು ಆರನ್ನೂ ಬಿಡಿಸಿ ಎದ್ದಳು.

ಬೋರ್ಡಿನ ಪರೀಕ್ಷೆ ಪಾಸಾಯಿತು. ಎರಡು ಕಾಲೇಜಿನವರು ಆಗುವುದಿಲ್ಲ ಎಂದರು, ಮೂರನೆಯವರು ನೋಡೋಣ ಎಂದರು. ಈಗ ಬಿ.ಎಸ್ಸಿ. ಕೊನೆಯ ವರ್ಷ. ನಾನು ಅವಳಿಗೆ ಇನ್ನೂ ಹಾಳೆ ಮಾಡಿಕೊಡುತ್ತೇನೆ, ಆದರೆ ಅದರಲ್ಲಿ ಏನಿದೆಯೆಂದು ನನಗೆ ತಿಳಿಯುವುದು ನಿಂತು ಬಹಳ ದಿನವಾಯಿತು.

ಟೇಲರ್ ಅಂಗಡಿಯಿಂದ ಬಂದ ಮರುದಿನ ಭಾನುವಾರ. ಭಾಗಮ್ಮ ಬಂದಿದ್ದಳು. ಮುಖದ ತುಂಬ ನಗೆ.

“ಕಾಕಾ, ಶುಕ್ರವಾರ ಸರ್ ನಾಲ್ಕನೇ ಆಯಾಮ ಸುರು ಮಾಡಿದ್ರು. ಉದ್ದ, ಅಗಲ, ಎತ್ತರ ಆದಮ್ಯಾಲ ಇನ್ನೊಂದು. ಇದರ ಚಿತ್ರ ತೆಗೀಲಿಕ್ಕ ಬರಂಗಿಲ್ಲ, ಇದು ಯಾರಿಗೂ ಕಾಣಂಗಿಲ್ಲ ಅಂದ್ರು. ಇಡೀ ಕ್ಲಾಸು ಅಯ್ಯೋ ಅಂತು.”

“ನೀ ಏನಂದಿ?”

“ನಾನೇನಂತೀನ್ರಿ? ಮುಂದಿಂದು ಹೇಳ್ರಿ ಸರ್ ಅಂದೆ. ಕ್ಲಾಸ್ ಬಿಟ್ಟಮ್ಯಾಲ ನಾಕೈದು ಮಂದಿ ನನ್ನ ಬಲ್ಲಿ ಬಂದು ಕುಂತ್ರು. ಕಾಣದಿದ್ದದ್ದನ್ನ ಹೆಂಗ ವಿಚಾರ ಮಾಡ್ತಿ, ನಮಗೂ ಹೇಳಿಕೊಡು ಅಂತ.”

ನನಗೂ ಹೇಳು ಎಂದೆ. ರೂಢಿಯಂತೆ ಪೆನ್ಸಿಲ್ ಹುಡುಕಿ ಹಾಳೆ ಎಳೆದುಕೊಂಡೆ. ಸದ್ದು ಕೇಳಿ ಅವಳು ತಡೆದಳು.

“ಹಾಳಿ ಬ್ಯಾಡ್ರಿ. ಕೈ ಕೊಡ್ರಿ.”

ನನ್ನ ಹೆಬ್ಬೆರಳನ್ನು ಮೇಲಕ್ಕೆ ಮಾಡಿದಳು, ತೋರುಬೆರಳನ್ನು ಮುಂದಕ್ಕೆ, ನಡುಬೆರಳನ್ನು ಬದಿಗೆ. “ಇವು ಮೂರು. ಈ ಮೂರಕ್ಕೂ ನೆಟ್ಟಗ ನಿಂತದ್ದು ಇನ್ನೊಂದು ಅದ.”

“ಎಲ್ಲಿ?”

“ಎಲ್ಲಿ ಅಂತ ಹುಡುಕಬ್ಯಾಡ್ರಿ. ಅದ ಅಂತ ಹಿಡ್ಕೋರಿ, ಹಿಡ್ಕೊಂಡು ಮುಂದ ನಡೀರಿ.”

ನಾನು ಕಣ್ಣು ಮುಚ್ಚಿದೆ. ಅವಳು ಮೆಲ್ಲಗೆ, ಒಂದೊಂದೇ ಹೆಜ್ಜೆ, ದಾರಿ ಗೊತ್ತಿರುವವರು ಹೊಸಬರನ್ನು ನಡೆಸಿಕೊಂಡು ಹೋಗುವಂತೆ ಹೇಳುತ್ತ ಹೋದಳು. ಎರಡು ಕಡೆ ಎಡವಿದೆ. ಅವಳು ನಿಂತು, ಹಿಂದೆ ಬಂದು, ಮತ್ತೆ ಕರೆದುಕೊಂಡಳು.